ಪಾಲಿಕೆ ಚುನಾವಣೆ ಮತ್ತು ಅಭದ್ರ ದುಡಿಮೆ: ವರ್ತಕರ ಹೊಣೆ

ನಗರಪಾಲಿಕೆ ಚುನಾವಣೆ ಹತ್ತಿರವಾಗುತ್ತಿದ್ದಂತೆ ನಮ್ಮ ವರ್ತಕ ಸಂಘಗಳು ಎಂದಿನಂತೆ ಬೇಡಿಕೆಗಳ ಪಟ್ಟಿಯನ್ನು ಸಿದ್ಧಪಡಿಸುತ್ತವೆ. ರಸ್ತೆ, ಒಳಚರಂಡಿ, ಉದ್ದಿಮೆ ಪರವಾನಗಿ, ಆಸ್ತಿ ತೆರಿಗೆ, ಇವೆಲ್ಲವೂ ನ್ಯಾಯವಾದ ಬೇಡಿಕೆಗಳೇ. ಆದರೆ ನಮ್ಮ ಅಂಗಡಿಗೆ ಬರುವ ಗಿರಾಕಿಯ ಸಂಬಳ ಎಷ್ಟು ಭದ್ರ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಗೋವಿಂದರಾಜನಗರದಂತಹ ಪ್ರದೇಶದಲ್ಲಿ ಅದು ಕಾರ್ಮಿಕರೊಬ್ಬರ ಪ್ರಶ್ನೆಯಲ್ಲ. ನಮ್ಮ ವಹಿವಾಟಿನ ಪ್ರಶ್ನೆಯೂ ಹೌದು.

ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವಿನ ಈ ಭಾಗದ ವ್ಯಾಪಾರ ಬೆಳೆದದ್ದು ತಿಂಗಳ ಸಂಬಳವನ್ನು ನಂಬಿ. ಬಿನ್ನಿ ಮತ್ತು ಮಿನರ್ವ ಗಿರಣಿಗಳಲ್ಲಿ ಬಟವಾಡೆಯಾದರೆ ಸುತ್ತಲಿನ ದಿನಸಿ, ಬಟ್ಟೆ ಅಂಗಡಿಗಳ ಉದ್ರಿ ಲೆಕ್ಕ ಚುಕ್ತಾ ಆಗುತ್ತಿತ್ತು. ಗಿರಣಿಗಳು ಮುಚ್ಚಿದವು, 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಬಿನ್ನಿಪೇಟೆ ಎಂಬ ವಿಧಾನಸಭಾ ಕ್ಷೇತ್ರವೂ ಇಲ್ಲವಾಗಿ ಗೋವಿಂದರಾಜನಗರ ಕ್ಷೇತ್ರ ಅಸ್ತಿತ್ವಕ್ಕೆ ಬಂದಿತು. ಇಂದು ಕಾಮಾಕ್ಷಿಪಾಳ್ಯದ ಶೆಡ್ಡುಗಳಲ್ಲಿ, ಸಿದ್ಧ ಉಡುಪು ಘಟಕಗಳಲ್ಲಿ, ಮನೆಮನೆಗೆ ಸರಕು ತಲುಪಿಸುವ ದ್ವಿಚಕ್ರ ವಾಹನಗಳ ಮೇಲೆ ದುಡಿಯುವವರಲ್ಲಿ ಬಹುಮಂದಿಗೆ ಮುಂದಿನ ತಿಂಗಳ ಕೆಲಸದ ಖಾತರಿ ಇಲ್ಲ. ಅಂತಹ ಗಿರಾಕಿ ದಿನದ ಅಕ್ಕಿಬೇಳೆ ಕೊಂಡಾನು. ಮಿಕ್ಸಿ, ಮಂಚ, ಮಗಳ ಮದುವೆಯ ಜವಳಿ ಕೊಳ್ಳಲು ಹಿಂಜರಿಯುತ್ತಾನೆ.

ಈ ಅಭದ್ರತೆಗೆ ಸಣ್ಣ ಉದ್ದಿಮೆದಾರನೊಬ್ಬನನ್ನೇ ಹೊಣೆಗಾರನನ್ನಾಗಿ ಮಾಡುವುದು ಸರಿಯಲ್ಲ. ದೊಡ್ಡ ಖರೀದಿದಾರರು ಬಿಲ್ಲಿನ ಹಣವನ್ನು ತಿಂಗಳುಗಟ್ಟಲೆ ತಡೆಹಿಡಿದಾಗ ಕಾಯಂ ಕಾರ್ಮಿಕನನ್ನು ಇಟ್ಟುಕೊಳ್ಳುವ ಧೈರ್ಯ ಯಾರಿಗೆ ಬರುತ್ತದೆ? 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಪಾವತಿ 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ ಮಿತಿ 15 ದಿನ. ವಿಳಂಬಕ್ಕೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಉಂಟು. ಕಾಯ್ದೆ ಹೀಗಿದ್ದರೂ ಮುಂದಿನ ಆರ್ಡರು ಕೈತಪ್ಪೀತೆಂಬ ಭಯದಿಂದ ಬಡ್ಡಿ ಕೇಳುವವರು ವಿರಳ. ಮೇಲಿನಿಂದ ಬರುವ ವಿಳಂಬವನ್ನು ನಾವು ಕೆಳಕ್ಕೆ ದಾಟಿಸುತ್ತೇವೆ. ಕೊನೆಯಲ್ಲಿ ಅದನ್ನು ಹೊರುವವನು ದಿನಗೂಲಿಯವನು.

ಮತದಾನದಿಂದ ಇದು ಸರಿಹೋದೀತೇ? 2008ರಿಂದ 2023ರವರೆಗೆ ಗೋವಿಂದರಾಜನಗರದಲ್ಲಿ ಉಪಚುನಾವಣೆಯೂ ಸೇರಿ ಐದು ಬಾರಿ ವಿಧಾನಸಭಾ ಚುನಾವಣೆ ನಡೆದಿದೆ. ಗೆದ್ದವರು ಇಬ್ಬರೇ: ಶ್ರೀ ವಿ. ಸೋಮಣ್ಣ ಮತ್ತು ಶ್ರೀ ಪ್ರಿಯಕೃಷ್ಣ. ಸೋಮಣ್ಣನವರು 2008ರಲ್ಲಿ ಕಾಂಗ್ರೆಸ್ಸಿನಿಂದಲೂ 2018ರಲ್ಲಿ ಭಾರತೀಯ ಜನತಾ ಪಕ್ಷದಿಂದಲೂ ಆರಿಸಿ ಬಂದರು. ಪ್ರಿಯಕೃಷ್ಣ ಅವರು 2023ರ ಪ್ರಮಾಣಪತ್ರದಲ್ಲಿ ಘೋಷಿಸಿದ ಆಸ್ತಿ ಸುಮಾರು ರೂ. 1,156 ಕೋಟಿ, ಸಾಲ ಮತ್ತು ಹೊಣೆಗಾರಿಕೆ ಸುಮಾರು ರೂ. 881 ಕೋಟಿ. ಎರಡನ್ನೂ ಕೂಡಿಸಿಯೇ ಓದಬೇಕು. ಇಲ್ಲಿ ಯಾರನ್ನೂ ದೂಷಿಸುವ ಉದ್ದೇಶವಿಲ್ಲ. ಜನರು ಇಬ್ಬರನ್ನೂ ಇಚ್ಛೆಯಿಂದಲೇ ಆರಿಸಿದ್ದಾರೆ. ಆದರೆ ಚುನಾವಣೆಗೆ ನಿಲ್ಲುವ ವೆಚ್ಚವೇ ಸಾಮಾನ್ಯನನ್ನು ಕಣದಿಂದ ದೂರವಿಟ್ಟಾಗ ಮತದಾರನ ಮುಂದಿರುವ ಆಯ್ಕೆ ಸಂಕುಚಿತವಾಗುತ್ತದೆ. ಪಕ್ಷದ ಚಿಹ್ನೆ ಬದಲಾಗಬಹುದು. ಶೆಡ್ಡಿನ ದುಡಿಮೆ ಬದಲಾಗದು.

ಬಿ.ಬಿ.ಎಂ.ಪಿ.ಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಅದರ ಅವಧಿ ಮುಗಿದ ಮೇಲೆ ಐದು ವರ್ಷಗಳಿಗೂ ಹೆಚ್ಚು ಕಾಲ ನಗರದ ಆಡಳಿತ ಚುನಾಯಿತ ಸದಸ್ಯರಿಲ್ಲದೆ ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳು ರಚನೆಯಾದವು. ಮೊದಲಿನ 198 ವಾರ್ಡುಗಳ ಬದಲು ಈಗ 369. ವಾರ್ಡು ಚಿಕ್ಕದಾದಷ್ಟೂ ಅಲ್ಪ ವೆಚ್ಚದಲ್ಲಿ ಸ್ಪರ್ಧಿಸುವುದೂ, ಅಭ್ಯರ್ಥಿಯನ್ನು ಎದುರು ನಿಲ್ಲಿಸಿ ಪ್ರಶ್ನಿಸುವುದೂ ಸುಲಭ. ಈ ಅವಕಾಶವನ್ನು ಕಳೆದುಕೊಳ್ಳಬಾರದು.

ಸಂಘಟಿತರ ಮಾತನ್ನು ಸರ್ಕಾರ ಚುನಾವಣೆ ಇಲ್ಲದ ವೇಳೆಯಲ್ಲೂ ಕೇಳುತ್ತದೆ. ಭವಿಷ್ಯನಿಧಿ ಹಿಂಪಡೆಯುವುದಕ್ಕೆ ಕೇಂದ್ರವು ನಿರ್ಬಂಧ ವಿಧಿಸಲು ಹೊರಟಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ರಸ್ತೆಗಿಳಿದರು; ಎರಡೇ ದಿನಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು. 2025ರ ಜುಲೈನಲ್ಲಿ ಯು.ಪಿ.ಐ. ವಹಿವಾಟಿನ ಆಧಾರದ ಮೇಲೆ ಸಣ್ಣ ವರ್ತಕರಿಗೆ ತೆರಿಗೆ ನೋಟಿಸುಗಳು ಬಂದಾಗ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡವು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳೇ ಭರವಸೆ ಕೊಟ್ಟರು. ನಮಗೆ ಮಂಡಳಿಯಿದೆ, ಸಂಘಗಳಿವೆ. ಮನೆಯಲ್ಲಿ ಕುಳಿತು ಅಗರಬತ್ತಿ ಹೊಸೆಯುವ ಹೆಂಗಸಿಗೆ ಯಾವುದಿದೆ?

ಆದ್ದರಿಂದ ಅಭ್ಯರ್ಥಿಗಳಿಂದ ಒಂದು ಮಾತು ಪಡೆಯೋಣ: ಪಾಲಿಕೆಯು ಸಣ್ಣ ಪೂರೈಕೆದಾರರ ಬಿಲ್ಲುಗಳನ್ನು 45 ದಿನಗಳೊಳಗೆ ಪಾವತಿಸಿ, ಬಾಕಿ ಬಿಲ್ಲುಗಳ ಪಟ್ಟಿಯನ್ನು ಪ್ರತಿ ತಿಂಗಳು ಪ್ರಕಟಿಸಬೇಕು.

ಇನ್ನೊಂದು ಕೆಲಸ ನಮ್ಮದೇ. ಹತ್ತು ಮಂದಿ ಇದ್ದರೆ ಇ.ಎಸ್.ಐ. ಅನ್ವಯವಾಗುತ್ತದೆ; ಹದಿನಾಲ್ಕು ಜನ ದುಡಿಯುವ ಕಡೆ ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರಿರುವುದು ನಮ್ಮಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ಇದರಿಂದ ಉಳಿಯುವುದೆಷ್ಟು? ಮಾಸಿಕ ರೂ. 20,000 ವೇತನಕ್ಕೆ ಮಾಲೀಕರ ವಂತಿಗೆ ಶೇ. 3.25ರಂತೆ ರೂ. 650, ಹದಿನಾಲ್ಕು ಜನರಿಗೆ ರೂ. 9,100. ಇದಕ್ಕೆ ಪ್ರತಿಯಾಗಿ ಕಾರ್ಮಿಕನ ಕುಟುಂಬಕ್ಕೆ ವೈದ್ಯಕೀಯ ಸೌಲಭ್ಯ, ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಚಿಕಿತ್ಸೆ, ಕಾಯಿಲೆಯಾದಾಗ ವರ್ಷಕ್ಕೆ 91 ದಿನಗಳವರೆಗೆ ಶೇ. 70ರಷ್ಟು ವೇತನ ದೊರೆಯುತ್ತದೆ. ನೋಂದಣಿ ಇಲ್ಲದ ಕಡೆ ಪ್ರೆಸ್ಸಿಗೆ ಒಬ್ಬನ ಕೈ ಸಿಕ್ಕಿದರೆ ಚಿಕಿತ್ಸೆ, ಪರಿಹಾರಗಳ ಭಾರ ನೇರವಾಗಿ ಮಾಲೀಕನ ಮೇಲೆ ಬೀಳುತ್ತದೆ. ಹಲವು ವರ್ಷಗಳ ಉಳಿತಾಯ ಒಂದೇ ದಿನ ಹೋಗಬಹುದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನೂ ಕಡ್ಡಾಯಗೊಳಿಸಿವೆ.

“ಪಕ್ಕದ ಶೆಡ್ಡಿನವನು ಕಟ್ಟದಿರುವಾಗ ನಾನೊಬ್ಬನೇ ಕಟ್ಟಿದರೆ ಜಾಬ್‌ವರ್ಕಿನ ದರದಲ್ಲಿ ಸೋಲುತ್ತೇನೆ” ಎಂಬ ಆಕ್ಷೇಪ ನಿಜವಾದುದು. ಅದಕ್ಕಾಗಿಯೇ ಇದು ಒಬ್ಬೊಬ್ಬರಿಂದ ಆಗುವ ಕೆಲಸವಲ್ಲ. ಒಂದು ವಸಾಹತಿನ ಸದಸ್ಯರೆಲ್ಲರೂ ಒಂದೇ ದಿನಾಂಕದಿಂದ ಪೂರ್ಣ ಹಾಜರಿ ಪುಸ್ತಕ ಇಡುವಂತೆ ಮಂಡಳಿ ನಿರ್ಣಯ ಕೈಗೊಳ್ಳಲಿ. ಜಾಬ್‌ವರ್ಕಿನ ದರದಲ್ಲಿ ಈ ವೆಚ್ಚವನ್ನು ಸೇರಿಸಿಯೇ ಖರೀದಿದಾರರೊಂದಿಗೆ ಮಾತನಾಡಲಿ. ಶೆಡ್ಡಿನ ಲೆಕ್ಕ ನೇರವಿದ್ದರೆ ಮಾತ್ರ ಅಭ್ಯರ್ಥಿಯಿಂದ ಪಾಲಿಕೆಯ ಲೆಕ್ಕ ಕೇಳುವ ನೈತಿಕ ಬಲ ನಮಗೆ ಬರುತ್ತದೆ. ಸದಸ್ಯ ಬಾಂಧವರು ಈ ವಿಷಯವನ್ನು ಮುಂದಿನ ಸಭೆಯಲ್ಲಿ ಚರ್ಚೆಗೆ ತರುವರೆಂದು ಆಶಿಸುತ್ತೇನೆ.