ಬರ್ನ್ಸ್ ಹೋದರು, ಸಂಬಳದ ಹೊರೆ ಪೂರ್ತಿ ಹೋಗಲಿಲ್ಲ: 2022ರಲ್ಲಿ ಶಾರ್ಕ್ಸ್ ಹೊಸ ಮ್ಯಾನೇಜರ್ ಮುಂದಿದ್ದ ಲೆಕ್ಕ

ಕೊಡಗಿನವರಿಗೆ ಹಾಕಿ ಅಂದ್ರೆ ಮೈದಾನ, ಟರ್ಫ್. ಐಸ್ ಹಾಕಿ ನಮಗೆ ದೂರದ ಮಾತು. ಆದರೆ ನಮ್ಮ ಕಡೆಯ ಎಷ್ಟೋ ಮನೆಯ ಮಕ್ಕಳು ಸಾಫ್ಟ್‌ವೇರ್ ಕೆಲಸಕ್ಕೆಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸುತ್ತಮುತ್ತ ನೆಲೆಸಿದ್ದಾರೆ. ಆ ಊರಿನ ಐಸ್ ಹಾಕಿ ತಂಡ ‘ಶಾರ್ಕ್ಸ್’ನಲ್ಲಿ 2022ರ ಬೇಸಿಗೆಯಲ್ಲಿ ದೊಡ್ಡ ಬದಲಾವಣೆ ಆಯ್ತು. ಆಟ ಗೊತ್ತಿಲ್ಲದಿದ್ದರೂ ಅಂಗಡಿ ನಡೆಸುವವರಿಗೆ ಇದರ ಒಳಲೆಕ್ಕ ಸುಲಭವಾಗಿ ಅರ್ಥವಾಗುತ್ತೆ.

2003ರಿಂದ ಜನರಲ್ ಮ್ಯಾನೇಜರ್ ಆಗಿದ್ದ ಡಗ್ ವಿಲ್ಸನ್ 2022ರ ಏಪ್ರಿಲ್‌ನಲ್ಲಿ ಹುದ್ದೆ ಬಿಟ್ಟರು. ಜುಲೈ 5, 2022ರಂದು ಆ ಕುರ್ಚಿಗೆ ಬಂದವರು ಮೈಕ್ ಗ್ರಿಯರ್. ಹಿಂದೆ ಇದೇ ತಂಡಕ್ಕೆ ಆಡಿದವರು. ಎನ್‌ಎಚ್‌ಎಲ್ ಇತಿಹಾಸದಲ್ಲಿ ಈ ಹುದ್ದೆಗೇರಿದ ಮೊದಲ ಕಪ್ಪು ವರ್ಣೀಯ ವ್ಯಕ್ತಿ. ಅದೇ ಬೇಸಿಗೆಯಲ್ಲಿ ಹೊಸ ಕೋಚ್ ಆಗಿ ಡೇವಿಡ್ ಕ್ವಿನ್ ಬಂದರು.

ಕೈಗೆ ಸಿಕ್ಕ ತಂಡ ಹೇಗಿತ್ತು? 2016ರಲ್ಲಿ ಫೈನಲ್ ಆಡಿದ ತಂಡ ಆ ಹೊತ್ತಿಗೆ ಸತತ ಮೂರು ಸೀಸನ್ ಪ್ಲೇಆಫ್ ಮುಖ ನೋಡಿರಲಿಲ್ಲ. 2021-22ರ ಸೀಸನ್‌ನ 82 ಪಂದ್ಯಗಳಲ್ಲಿ ಗೆದ್ದದ್ದು ಬರೀ 32.

ಹಳೇ ಕರಾರುಗಳೇ ಸಮಸ್ಯೆ

ಎನ್‌ಎಚ್‌ಎಲ್‌ನಲ್ಲಿ ಮಾಲೀಕನ ಹತ್ತಿರ ದುಡ್ಡಿದೆ ಅಂತ ಬೇಕಾದಷ್ಟು ಖರ್ಚು ಮಾಡೋ ಹಾಗಿಲ್ಲ. ಎಲ್ಲಾ ತಂಡಗಳಿಗೂ ಒಂದೇ ಸಂಬಳದ ಮಿತಿ. 2022-23ರ ಸೀಸನ್‌ಗೆ ಅದು 8.25 ಕೋಟಿ ಡಾಲರ್ ಇತ್ತು, ಆಗಿನ ನಮ್ಮ ಲೆಕ್ಕದಲ್ಲಿ 650 ಕೋಟಿ ರೂಪಾಯಿ ಆಸುಪಾಸು.

ಆಗ ಶಾರ್ಕ್ಸ್‌ನಲ್ಲಿ ನಾಲ್ಕು ದೊಡ್ಡ ಕರಾರುಗಳಿದ್ದವು. ವರ್ಷಕ್ಕೆ ಎರಿಕ್ ಕಾರ್ಲ್‌ಸನ್‌ಗೆ 1.15 ಕೋಟಿ ಡಾಲರ್, ತೋಮಾಸ್ ಹರ್ಟಲ್‌ಗೆ 81 ಲಕ್ಷ, ಲೋಗನ್ ಕುಟೂರ್‌ಗೆ 80 ಲಕ್ಷ, ಮಾರ್ಕ್-ಎಡ್ವರ್ಡ್ ವ್ಲಾಸಿಕ್‌ಗೆ 70 ಲಕ್ಷ. ಒಟ್ಟು ಸುಮಾರು 3.46 ಕೋಟಿ ಡಾಲರ್. ಅಂದ್ರೆ ಇಪ್ಪತ್ತು ಚಿಲ್ಲರೆ ಆಟಗಾರರ ತಂಡದಲ್ಲಿ ನಾಲ್ವರೇ ಮಿತಿಯ ಶೇ. 40ಕ್ಕಿಂತ ಹೆಚ್ಚು ತಿಂದುಹಾಕ್ತಿದ್ದರು. ಅಂಗಡಿ ಬಾಡಿಗೆ, ಹಳೇ ಬಡ್ಡಿ ಕಟ್ಟಿದ ಮೇಲೆ ಹೊಸ ಮಾಲು ತರೋಕೆ ಕೈಯಲ್ಲಿ ಉಳಿಯೋದು ಎಷ್ಟು? ಗ್ರಿಯರ್ ಪರಿಸ್ಥಿತಿ ಅದೇ ಆಗಿತ್ತು.

ಬರ್ನ್ಸ್ ವ್ಯವಹಾರ

ಬ್ರೆಂಟ್ ಬರ್ನ್ಸ್ 2011ರಿಂದ ಈ ತಂಡದಲ್ಲಿದ್ದವರು, ಅಭಿಮಾನಿಗಳ ಮನೆಮಾತು. ಆಗ ವಯಸ್ಸು 37, ಇನ್ನೂ ಮೂರು ವರ್ಷದ ಕರಾರು ಬಾಕಿ, ವರ್ಷಕ್ಕೆ 80 ಲಕ್ಷ ಡಾಲರ್. ಗ್ರಿಯರ್ ಬಂದ ಎಂಟೇ ದಿನಕ್ಕೆ, ಜುಲೈ 13ರಂದು, ಅವರನ್ನು ಕ್ಯಾರೊಲಿನಾ ತಂಡಕ್ಕೆ ಕೊಟ್ಟರು.

ಆದರೆ ಬರ್ನ್ಸ್ ಸಂಬಳದ ಶೇ. 34ನ್ನು ಶಾರ್ಕ್ಸ್ ತಾನೇ ಹೊರಬೇಕಾಯ್ತು. ಬೇರೆ ತಂಡಕ್ಕೆ ಆಡುವವನಿಗಾಗಿ ವರ್ಷಕ್ಕೆ 27.2 ಲಕ್ಷ ಡಾಲರ್, ಮೂರು ವರ್ಷ! ಬದಲಿಗೆ ಸಿಕ್ಕಿದ್ದು ಸ್ಟೀವನ್ ಲೊರೆಂಟ್ಜ್, ಒಬ್ಬ ಯುವ ಗೋಲಿ ಮತ್ತು ಮೂರನೇ ಸುತ್ತಿನ ಒಂದು ಡ್ರಾಫ್ಟ್ ಹಕ್ಕು. ಡ್ರಾಫ್ಟ್ ಅಂದ್ರೆ ಹೊಸ ಹುಡುಗರನ್ನು ಸರದಿ ಪ್ರಕಾರ ಆರಿಸಿಕೊಳ್ಳೋದು.

ನಮ್ಮಲ್ಲಿ ಕುಟುಂಬ ಹಾಕಿ ಆಡುವಾಗ ಮನೆಯ ಆಟಗಾರನನ್ನು ಮಾರೋ ಮಾತೇ ಇಲ್ಲ. ಅಲ್ಲಿ ಅಭಿಮಾನ ಬೇರೆ, ಲೆಕ್ಕ ಬೇರೆ. ಲೆಕ್ಕದ ದೃಷ್ಟಿಯಿಂದ ಇದು ಸರಿಯಾದ ಕೆಲಸ. ವರ್ಷಕ್ಕೆ 52.8 ಲಕ್ಷ ಡಾಲರ್ ಬಿಡುಗಡೆಯಾಯ್ತು, ಮತ್ತು ಇನ್ನೊಂದು ವರ್ಷ ಕಳೆದಿದ್ರೆ 38ರ ಆಟಗಾರನಿಗೆ ಗಿರಾಕಿ ಸಿಗೋದೇ ಕಷ್ಟ.

ನೆನಪಿಡಬೇಕಾದ ನಿಯಮ ಇನ್ನೊಂದಿದೆ. ಹೀಗೆ ಸಂಬಳ ಹೊತ್ತು ಕಳಿಸುವುದು ಒಂದು ತಂಡಕ್ಕೆ ಒಂದು ವೇಳೆಯಲ್ಲಿ ಮೂವರಿಗೆ ಮಾತ್ರ ಸಾಧ್ಯ. ಅದರಲ್ಲೊಂದು ಬರ್ನ್ಸ್‌ಗೆ ಖರ್ಚಾಯ್ತು.

ಕಟ್ಟುವುದಾ, ಕೆಡವುವುದಾ?

ಡ್ರಾಫ್ಟ್ ದಿನ ಗ್ರಿಯರ್ ತಮ್ಮ 11ನೇ ಸರದಿಯನ್ನು ಅರಿಜೋನಾಗೆ ಕೊಟ್ಟು 27, 34, 45ನೇ ಸರದಿಗಳನ್ನು ಪಡೆದರು. ಒಂದು ದೊಡ್ಡ ನೋಟಿಗೆ ಮೂರು ಚಿಕ್ಕ ನೋಟು. ಆಗಸ್ಟ್ ಕೊನೆಗೆ, ಮೂವರು ಗೋಲಿಗಳಲ್ಲಿ ಏಡಿನ್ ಹಿಲ್ ಅವರನ್ನು ವೇಗಾಸ್‌ಗೆ ಕಳಿಸಿ 2024ರ ನಾಲ್ಕನೇ ಸುತ್ತಿನ ಹಕ್ಕು ತಗೊಂಡರು. ಇವೆಲ್ಲಾ ನಾಳೆಗಾಗಿ ಮಾಡಿದ ಕೆಲಸ.

ಅದೇ ಹೊತ್ತಿಗೆ ನಿಕೊ ಸ್ಟರ್ಮ್, ಆಸ್ಕರ್ ಲಿಂಡ್‌ಬ್ಲಾಮ್, ಮ್ಯಾಟ್ ಬೆನ್ನಿಂಗ್ ಅಂಥವರನ್ನು ಮಧ್ಯಮ ದರಕ್ಕೆ ತಂದರು. ಇದು ಇವತ್ತಿಗಾಗಿ. ಇವರು ತಂಡವನ್ನು ತೀರಾ ಕೆಳಕ್ಕೆ ಬೀಳೋಕೆ ಬಿಡಲ್ಲ, ಆದರೆ ಪ್ಲೇಆಫ್‌ಗೂ ಮುಟ್ಟಿಸೋದು ಅನುಮಾನ ಅನ್ನೋದು ಆಗಿನ ಅಂದಾಜು. ನಮ್ಮ ಆತಂಕ ಇಲ್ಲೇ ಇದ್ದದ್ದು. ಐಸ್ ಹಾಕಿಯಲ್ಲಿ ನಡುವೆ ಸಿಕ್ಕಿಕೊಂಡವರಿಗೆ ಕಪ್ಪೂ ಇಲ್ಲ, ಡ್ರಾಫ್ಟ್‌ನಲ್ಲಿ ಮೊದಲ ಸರದಿಯ ಹುಡುಗನೂ ಇಲ್ಲ.

ನಿಜವಾದ ಪರೀಕ್ಷೆ ಇಬ್ಬರಲ್ಲಿತ್ತು. ಒಬ್ಬರು ಕಾರ್ಲ್‌ಸನ್. ಆಗ 32 ವರ್ಷ, 2027ರವರೆಗೆ ಕರಾರು, 2021-22ರ ಸೀಸನ್‌ನಲ್ಲಿ ಆಡಿದ್ದು 50 ಪಂದ್ಯ. ಆ ಹೊತ್ತಿಗೆ ಕೊಳ್ಳೋರಿರಲಿಲ್ಲ. ಒಂದು ಸೀಸನ್ ಚೆನ್ನಾಗಿ ಆಡಿದ್ರೆ ಬೆಲೆ ಬರ್ತಿತ್ತು, ಆಗ ಬಿಡಬೇಕಿತ್ತು. ಆಗಲೂ ಅವರೇ ಒಪ್ಪದೆ ಕಳಿಸೋಕಾಗ್ತಿರಲಿಲ್ಲ, ಕರಾರಿನಲ್ಲೇ ಹಾಗೆ ಬರೆದಿತ್ತು.

ಇನ್ನೊಬ್ಬರು ಟಿಮೊ ಮೀಯರ್. ಆಗ 25 ವರ್ಷ, 2021-22ರ ಸೀಸನ್‌ನಲ್ಲಿ 35 ಗೋಲು. ಅವರ ಕರಾರು 2023ರ ಬೇಸಿಗೆಗೆ ಮುಗಿಯಲಿತ್ತು. ಹಕ್ಕು ಉಳಿಸಿಕೊಳ್ಳಲು ತಂಡ ಅವರಿಗೆ 1 ಕೋಟಿ ಡಾಲರ್‌ನ ಒಂದು ವರ್ಷದ ಕರಾರು ಮುಂದಿಡಬೇಕಿತ್ತು. ತಂಡ ಗೆಲ್ಲುವ ಹಾದಿಯಲ್ಲಿದ್ರೆ ಮೀಯರ್ ಬೇಕೇ ಬೇಕಿತ್ತು. ಇಲ್ಲದಿದ್ರೆ 2023ರ ಮಾರ್ಚ್‌ನ ಗಡುವಿನೊಳಗೆ ಒಳ್ಳೆ ಬೆಲೆಗೆ ಕೊಡಬೇಕಿತ್ತು.

2022ರ ಅಕ್ಟೋಬರ್ 7ರಂದು ಪ್ರಾಗ್‌ನಲ್ಲಿ ನ್ಯಾಶ್‌ವಿಲ್ ವಿರುದ್ಧ ಸೀಸನ್ ಶುರುವಾಯ್ತು. ಮೊದಲ ಬೇಸಿಗೆಯಲ್ಲಿ ಗ್ರಿಯರ್ ಧೈರ್ಯ ತೋರಿಸಿದರು, ಆದರೆ ಬರ್ನ್ಸ್ ವ್ಯವಹಾರ ಪಟ್ಟಿಯಲ್ಲಿ ಸುಲಭದ್ದಾಗಿತ್ತು. 2023ರ ಮಾರ್ಚ್ ಹೊತ್ತಿಗೂ ತಂಡ ನಡುವೆಯೇ ನಿಂತು, ಮೀಯರ್ ಇನ್ನೂ ಕರಾರಿಲ್ಲದೆ ಇದ್ದರೆ, ಮ್ಯಾನೇಜರ್ ಬದಲಾದರೂ ಲೆಕ್ಕದ ಪುಸ್ತಕ ಬದಲಾಗಿಲ್ಲ ಅಂತಲೇ ಅರ್ಥವಾಗ್ತಿತ್ತು.