ಆಪರೇಷನ್ ಅಂದ್ರೆ ನಮಗೇ ಯಾಕ್ರವ್ವಾ?

ಎರಡು ಮಕ್ಕಳಾದ ಮನೇಲಿ ಆಪರೇಷನ್ ಮಾತು ಬಂದ್ರೆ ಸಾಕು, ಎಲ್ಲಾರ ಕಣ್ಣೂ ಬಾಣಂತಿ ಮೇಲೇನೇ. "ಇಬ್ಬರಲ್ಲಿ ಯಾರಿಗೆ ಮಾಡ್ಸಾನ?" ಅಂತ ಒಬ್ರಾದ್ರೂ ಕೇಳಿದ್ದು ನಾ ಕಾಣೆ. ನಮ್ಮ ಬೀದೀಲಿ ಒಬ್ಬ ಹುಡ್ಗಿ ಅವ್ಳೆ. ಮೈಯಲ್ಲಿ ರಕ್ತ ಇಲ್ಲ, ಎದ್ದು ನಿಂತ್ರೆ ತಲೆ ಸುತ್ತು. ಮೊದಲು ರಕ್ತ ಏರಲಿ ಅಂದವ್ರೆ ಡಾಕ್ಟ್ರು. ಅತ್ತೆ ಮನೆಯೋರು ಅದ್ಯಾವಾಗ ಏರ್ತದೋ ಅಂತ ದಿನ ಎಣಿಸ್ತಾವ್ರೆ. ಗುಂಡುಕಲ್ಲಿನಂಗಿರೋ ಗಂಡ ಜಗಲಿ ಮೇಲೆ ಬೀಡಿ ಸೇದ್ತಾ ಕುಂತವ್ನೆ!

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. 2019-20ರ ಕುಟುಂಬ ಆರೋಗ್ಯ ಸಮೀಕ್ಷೇಲಿ, ಕರ್ನಾಟಕದ 15ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಜನ ಆಪರೇಷನ್ ಆದೋರು. ಗಂಡಸರ ಪಾಲು ಲೆಕ್ಕಕ್ಕೇ ಸಿಗದಷ್ಟು ಕಮ್ಮಿ, ಸೊನ್ನೆ ಅಂತಲೇ ಬರೆದವ್ರೆ.

ಅವ್ರ ಭಯ ಏನು ಅಂತ ನಂಗೊತ್ತು. ಹೇಮಗಿರಿ ದನಗಳ ಜಾತ್ರೆ ನೋಡ್ಕೊಂಡು ಬೆಳೆದೋರಲ್ವಾ, ಹೋರಿಗೆ ಬೀಜ ಒಡೆಸಿ ಎತ್ತು ಮಾಡ್ದಂಗೆ ತಮಗೂ ಮಾಡ್ತಾರೆ ಅನ್ಕೊಂಡವ್ರೆ. ಬೀಜದ ತಂಟೆಗೇ ಹೋಗಲ್ಲ ಕಣ್ರವ್ವಾ. ಮರಗಟ್ಟೋ ಸೂಜಿ ಕೊಟ್ಟು, ಸಣ್ಣ ತೂತು ಮಾಡಿ, ವೀರ್ಯಾಣು ಬರೋ ಎರಡು ನಾಳ ಕಟ್ಟಾಕ್ತಾರೆ. ಹೊಲಿಗೇನೂ ಇಲ್ಲ. ಅರ್ಧ ಗಂಟೆ ಒಳಗೆ ಮುಗೀತದೆ, ಅವತ್ತೇ ಮನೆಗೆ. ಒಂದು ವಾರ ಭಾರ ಎತ್ತಬಾರದು. ಆಮೇಲೆ ಕಬ್ಬು ಕಡೀಬೋದು, ಮೂಟೆ ಹೊರಬೋದು, ಗಂಡಸ್ತನಕ್ಕೂ ಏನೂ ಕುಂದಿಲ್ಲ. ನಮ್ದಾದ್ರೆ ಹೊಟ್ಟೆ ಕುಯ್ಯೋ ಕೆಲಸ.

ಒಂದು ಮಾತ್ರ ಮರೀಬಾರದು. ಆಪರೇಷನ್ ಆದ ತಕ್ಷಣ ಅದು ಕೆಲಸ ಮಾಡಲ್ಲ. ಮೂರು ತಿಂಗಳು ನಿರೋಧ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಾತ್ರಿ ಮಾಡ್ಕೋಬೇಕು. ಅದು ಬಿಟ್ಟು ನಡುವೆ ಬಸುರಾದ್ರೆ ಅನುಮಾನ ಬೀಳೋದು ಯಾರ ಮೇಲೆ, ನೀವೇ ಯೋಚ್ನೆ ಮಾಡಿ. ಇನ್ನೊಂದು ಮಗು ಬೇಕೋ ಬೇಡ್ವೋ ಅಂತ ಅನುಮಾನ ಇರೋರಿಗೆ ಇದಲ್ಲ, ಅವ್ರಿಗೆ ಕಾಪರ್-ಟಿ ಅದೆ, ಮೂರು ತಿಂಗಳಿಗೊಮ್ಮೆ ಹಾಕೋ ಅಂತರಾ ಸೂಜಿ ಅದೆ.

ಹಳೇ ತಲೆಗಳು ತುರ್ತುಪರಿಸ್ಥಿತಿ ಮಾತು ತೆಗೀತಾರೆ. ಅದೂ ಸುಳ್ಳಲ್ಲ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 60 ಲಕ್ಷಕ್ಕೂ ಜಾಸ್ತಿ ಗಂಡಸರಿಗೆ ಮಾಡಿದ್ರು, ಎಷ್ಟೋ ಜನಕ್ಕೆ ಬಲವಂತವಾಗಿ. ಅದು ತಪ್ಪೇ. ಆದ್ರೆ ಆ ಹೆದರಿಕೆಯ ಸಾಲ ಇವತ್ತಿಗೂ ನಮ್ಮ ಹೊಟ್ಟೇಲಿ ತೀರಿಸ್ತಾವ್ರಲ್ಲ, ಅದ್ಯಾವ ನ್ಯಾಯ? 1930ರಲ್ಲೇ ಸರ್ಕಾರದಿಂದ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದ ಮೈಸೂರು ಸೀಮೆ ನಮ್ದು.

ಆಶಾ ಮನೆಗೆ ಬಂದಾಗ ಗಂಡಸ್ರನ್ನೂ ಕೂರ್ಸಿ. ಆಪರೇಷನ್ ಮಾಡಿಸ್ಕೊಂಡ್ರೆ ಸರ್ಕಾರ ನಮಗಿಂತ ಅವ್ರಿಗೇ ದುಡ್ಡು ಜಾಸ್ತಿ ಕೊಡ್ತದೆ. ಆ ಮಾತು ಮೊದಲು ಹೇಳ್ಸಿ, ಕಿವಿ ನೆಟ್ಟಗಾಯ್ತವೆ.