ಪಿಸ್ತೂಲಿಗೆ ತಕ್ಕ ಪೆಟ್ಟಿಗೆ

ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕು, ಪಿಸ್ತೂಲುಗಳನ್ನು ಠಾಣೆಯಲ್ಲಿ ಠೇವಣಿಯಿಡಬೇಕೆಂದು ಜಿಲ್ಲಾಡಳಿತದಿಂದ ಅಪ್ಪಣೆಯಾಗುವುದು ವಾಡಿಕೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಲೈಸೆನ್ಸುದಾರರಿಗೂ ಈ ಕ್ರಮವು ಹೊಸದಲ್ಲ. ಮತದಾನದ ಗಲಭೆ ಮುಗಿಯುವವರೆಗೆ ಆಯುಧವು ಸರ್ಕಾರದ ಬೀಗದೊಳಗಿರುತ್ತದೆ. ಆ ಬಳಿಕ ಅದು ಮನೆಗೆ ಹಿಂದಿರುಗುತ್ತದೆ. ಮನೆಯಲ್ಲಿ ಅದಕ್ಕಿರುವ ಬೀಗವಾವುದು? ಕೆಲವು ವಾರಗಳ ಭದ್ರತೆಗೆ ಇಷ್ಟು ಎಚ್ಚರಿಕೆ ವಹಿಸುವ ನಾವು, ಉಳಿದ ವರ್ಷಗಳ ಭದ್ರತೆಯನ್ನು ಬಟ್ಟೆಯ ಬೀರುವಿಗೂ ತಲೆದಿಂಬಿಗೂ ಒಪ್ಪಿಸಿಬಿಡುವುದು ವಿವೇಕವೆನಿಸದು.

೧೮೭೮ರ ಆಯುಧಗಳ ಕಾಯಿದೆಯು ಭಾರತೀಯರ ಮೇಲಿನ ಅಪನಂಬಿಕೆಯ ಗುರುತೆಂದು ನಮ್ಮ ಹಿರಿಯರು ಬಹುಕಾಲ ಪ್ರತಿಭಟಿಸಿದರು. ೧೯೩೧ರ ಕರಾಚಿ ಕಾಂಗ್ರೆಸ್ಸು ಆಯುಧವನ್ನಿಟ್ಟುಕೊಳ್ಳುವ ಹಕ್ಕನ್ನು ಪ್ರಜೆಗಳ ಹಕ್ಕುಗಳಲ್ಲಿ ಸೇರಿಸಿತು. ಆದರೆ ಅದು ನಿಯಮಗಳಿಗೆ ಒಳಪಟ್ಟಿರಬೇಕೆಂದೂ ಹೇಳಿತು. ಸ್ವತಂತ್ರ ಭಾರತದ ೧೯೫೯ರ ಕಾಯಿದೆಯೂ ಅದೇ ದಾರಿಯನ್ನು ಹಿಡಿಯಿತು. ೨೦೧೬ರ ನಿಯಮಗಳು ಲೈಸೆನ್ಸು ಬೇಡುವವರಿಗೆ ಆಯುಧವನ್ನು ಸುರಕ್ಷಿತವಾಗಿ ಇಡುವ ಶಿಕ್ಷಣವನ್ನೂ ವಿಧಿಸಿವೆ. ಹಕ್ಕನ್ನು ಕೇಳಿ ಪಡೆದವರು ಹೊಣೆಯನ್ನು ಬಿಟ್ಟುಕೊಡಲಾಗದು. ಗುಂಡಿನ ಬೆಲೆಯನ್ನು ಈ ಸೀಮೆಗೆ ಯಾರೂ ಕಲಿಸಬೇಕಾದುದಿಲ್ಲ. ೧೯೩೮ರ ಏಪ್ರಿಲ್ ೨೫ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ನೆರೆದ ಜನರ ಮೇಲೆ ಗುಂಡು ಹಾರಿತು. ಹಾರಿದ ಗುಂಡನ್ನು ಮರಳಿ ಕರೆಯುವ ಶಕ್ತಿ ಯಾವ ಅಧಿಕಾರಕ್ಕೂ ಇಲ್ಲ.

ಪೆಟ್ಟಿಗೆಯನ್ನು ಕೊಳ್ಳುವವರು ಮೊದಲು ಅದರ ತೂಕವನ್ನೂ ತಗಡಿನ ದಪ್ಪವನ್ನೂ ನೋಡಬೇಕು. ತೆಳುತಗಡಿನ ಪೆಟ್ಟಿಗೆಯು ಒಂದು ಸರಳಿನ ಮೀಟಿಗೆ ಬಾಯಿಬಿಡುತ್ತದೆ. ಗಟ್ಟಿ ಪೆಟ್ಟಿಗೆಯನ್ನು ಕೊಂಡರೂ ಅದನ್ನು ಗೋಡೆಗೋ ನೆಲಕ್ಕೋ ಬೋಲ್ಟುಗಳಿಂದ ಬಿಗಿಯದಿದ್ದರೆ, ಕಳ್ಳನು ಬೀಗ ಒಡೆಯುವ ಶ್ರಮವನ್ನೇಕೆ ಪಡುವನು? ಪೆಟ್ಟಿಗೆಯನ್ನೇ ಹೊತ್ತೊಯ್ಯುವನು. ಅಗ್ಗದ ಅಂಕಿಬೀಗಗಳಲ್ಲಿ ಕೆಲವು ಮೇಲಿನಿಂದ ಗುದ್ದಿದರೆ ತೆರೆದುಕೊಳ್ಳುವಂಥವು. ಕಾರ್ಖಾನೆಯಿಂದ ಬಂದ ಅಂಕಿಯನ್ನು ಅಂದೇ ಬದಲಿಸಬೇಕು. ಮಕ್ಕಳ ಹುಟ್ಟಿದ ವರ್ಷವನ್ನು ಅಂಕಿಯಾಗಿಡುವುದು ಬೀಗವಿಲ್ಲದುದಕ್ಕೆ ಸಮಾನ. ಬೆರಳಚ್ಚಿನ ಬೀಗವು ಬೇಗ ತೆರೆಯುವುದಾದರೂ ಬ್ಯಾಟರಿಯನ್ನು ನಂಬಿರುತ್ತದೆ; ಆದುದರಿಂದ ಅದರ ಕೀಲಿಯೂ ಒಂದಿರಬೇಕು, ಆ ಕೀಲಿಯು ದೇವರ ಮನೆಯ ಮೊಳೆಗೆ ತೂಗುತ್ತಿರಬಾರದು. ಬೆಂಕಿಯನ್ನು ತಡೆಯುವ ಪೆಟ್ಟಿಗೆಗಳ ಒಳಪದರವು ತೇವವನ್ನು ಹಿಡಿದಿಡುವುದರಿಂದ ಉಕ್ಕಿಗೆ ತುಕ್ಕು ಬರುವುದುಂಟು. ತೇವ ಹೀರುವ ಪೊಟ್ಟಣವನ್ನಿಟ್ಟು ಆಗಾಗ ಬದಲಾಯಿಸಬೇಕು. ಪಿಸ್ತೂಲಿನಿಂದ ತೋಟಾಗಳನ್ನು ತೆಗೆದು ಬೇರೆ ಬೀಗದಲ್ಲಿಡುವುದು ಎಲ್ಲಕ್ಕಿಂತ ಮುಖ್ಯವಾದುದು.

ಕಳ್ಳನು ಬಾಗಿಲಲ್ಲಿರುವಾಗ ಬೀಗ ತೆಗೆಯುತ್ತ ಕುಳಿತರೆ ಆಯುಧದ ಪ್ರಯೋಜನವೇನೆಂದು ಕೆಲವರು ಕೇಳುವರು. ಈ ಆಕ್ಷೇಪಣೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಒಂಟಿಮನೆಯ ರೈತನಿಗೂ ರಾತ್ರಿ ಅಂಗಡಿ ಮುಚ್ಚಿ ಬರುವ ವರ್ತಕನಿಗೂ ಭಯವಿರುವುದು ನಿಜ. ಆದರೆ ಕೆಲವೇ ಕ್ಷಣಗಳಲ್ಲಿ ತೆರೆಯುವ ಚಿಕ್ಕ ಪೆಟ್ಟಿಗೆಗಳು ಈಗ ದೊರೆಯುತ್ತವೆ. ಮೇಲಾಗಿ ಕಳ್ಳನು ಮನೆಯವರು ಜಾತ್ರೆಗೋ ಮದುವೆಗೋ ಹೋದ ವೇಳೆಯನ್ನೇ ಕಾಯುವನು. ಬೀಗವಿಲ್ಲದ ಪಿಸ್ತೂಲು ಆಗ ಅವನ ಪಾಲಾಗುವುದು. ಮನೆಯೊಳಗಿನ ಅಪಾಯವು ಇದಕ್ಕಿಂತ ದೊಡ್ಡದು. ಹುಡುಗನ ಕುತೂಹಲಕ್ಕೂ ಕುಡಿದವನ ಕೋಪಕ್ಕೂ ಸಾಲದಲ್ಲಿ ಮುಳುಗಿದವನ ಹತಾಶೆಗೂ ನಡುವೆ ನಿಲ್ಲುವುದು ಆ ಒಂದು ಬೀಗವೇ. ಕ್ಷಣದ ದುರ್ಬುದ್ಧಿಯು ಹತ್ತು ನಿಮಿಷ ತಡೆದರೆ ಎಷ್ಟೋ ಸಲ ತಾನಾಗಿ ಇಳಿಯುತ್ತದೆ.

೨೦೧೯ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿಯು ಐದು ವರ್ಷಗಳಾಗಿದೆ. ಅವಧಿ ದೀರ್ಘವಾದಷ್ಟೂ ಅಧಿಕಾರಿಗಳ ಕಣ್ಣು ಮಂದವಾಗಬಾರದು. ನವೀಕರಣದ ವೇಳೆ ಕಾಗದಗಳನ್ನು ಮಾತ್ರ ನೋಡದೆ, ಆಯುಧವನ್ನಿಡುವ ಸ್ಥಳವನ್ನೂ ಪೊಲೀಸರು ಕಂಡು ಬರುವಂತೆ ಜಿಲ್ಲಾಧಿಕಾರಿಗಳು ಏರ್ಪಡಿಸಬೇಕೆಂದು ನಮ್ಮ ಸಲಹೆ. ಪಿಸ್ತೂಲಿಗೆ ಹಣ ಸುರಿದವರು ಪೆಟ್ಟಿಗೆಗೆ ಕೈ ಬಿಗಿಹಿಡಿಯುವುದು ಮಿತವ್ಯಯವಲ್ಲ. ಬೀಗ ಹಾಕಲು ಮನಸ್ಸಿಲ್ಲದವರು ಆಯುಧವನ್ನು ಇಟ್ಟುಕೊಳ್ಳದಿರುವುದೇ ಲೇಸು.